ಮುಖ ಒಂದೇ, ಒಡಲು ಬೇರೆ

1996ರಲ್ಲಿ ಒಂದಷ್ಟು ಪ್ರೋಗ್ರಾಮರ್‌ಗಳು ಸೇರಿ ‘ಫ್ರೀವಿನ್95’ ಎಂಬ ಯೋಜನೆ ಹೂಡಿದರು. ವಿಂಡೋಸ್ 95ಕ್ಕಾಗಿ ಬರೆದ ಪ್ರೋಗ್ರಾಮುಗಳು ಇದ್ದಹಾಗೇ ಓಡಬೇಕು, ಆದರೆ ಆಪರೇಟಿಂಗ್ ಸಿಸ್ಟಮ್ಮಿನ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿರಬೇಕು ಎಂಬುದು ಅವರ ಹಂಬಲ. ಗುರಿಯ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಕಣ್ಣೆದುರು ಇದ್ದದ್ದೇ ವಿಂಡೋಸ್ 95, ಜನ ಬಳಸುತ್ತಿದ್ದದ್ದೂ ಅದನ್ನೇ. ಆದರೂ 1997 ಮುಗಿಯುತ್ತ ಬಂದಾಗ ಅವರ ಕೈಯಲ್ಲಿ ಒಂದು ಆವೃತ್ತಿಯೂ ಇರಲಿಲ್ಲ. ವಿನ್ಯಾಸ ಹೀಗಿರಬೇಕೋ ಹಾಗಿರಬೇಕೋ ಎಂಬ ಚರ್ಚೆಯಲ್ಲೇ ದಿನ ಕಳೆದಿತ್ತು.

ಇದಕ್ಕೆ ಸೋಮಾರಿತನ ಕಾರಣವೆಂದು ನನಗೆ ಅನಿಸುವುದಿಲ್ಲ. ತೊಡಕು ಗುರಿಯಲ್ಲೇ ಇತ್ತು. ವಿಂಡೋಸ್ 95 ಡಾಸ್ ಮೇಲೆ ಕಾಲೂರಿ ನಿಂತಿತ್ತು. 16 ಬಿಟ್ಟಿನ ಹಳೆಯ ಕೋಡೂ 32 ಬಿಟ್ಟಿನ ಹೊಸ ಕೋಡೂ ಒಳಗೆ ಹೆಣೆದುಕೊಂಡಿದ್ದವು. ಒಂದು ಪ್ರೋಗ್ರಾಂ ಎಡವಿದರೆ ಇಡೀ ಯಂತ್ರ ಕೂತುಬಿಡುವುದು ಅಂದಿನ ಬಳಕೆದಾರರಿಗೆಲ್ಲ ಗೊತ್ತು. ಅಂಥದಕ್ಕೆ ಹೊಂದಿಕೊಳ್ಳಬೇಕಾದರೆ ಅದರ ಗೋಜಲನ್ನೂ ಮೊದಲಿನಿಂದ ಕಟ್ಟಬೇಕು. ಯಾವ ತುದಿ ಹಿಡಿದು ಶುರುಮಾಡುವುದು?

ಆಗ ಯೋಜನೆಯ ಹೊಣೆ ಹೊತ್ತಿದ್ದ ಜೇಸನ್ ಫಿಲ್ಬಿ ಉಳಿದವರನ್ನು ಒಟ್ಟುಗೂಡಿಸಿದರು. ಕೈಗೊಂಡ ಕೆಲಸ ಬಿಡದೆ ಗುರಿಯನ್ನು ಬದಲಿಸಿದರು: 95 ಬೇಡ, ವಿಂಡೋಸ್ ಎನ್‌ಟಿ ಸಾಕು. ಹೆಸರೂ ‘ರಿಯಾಕ್ಟ್‌ಓಎಸ್’ ಆಯಿತು. 1998ರ ಫೆಬ್ರವರಿಯಲ್ಲಿ ವ್ಯವಸ್ಥೆಯ ತಿರುಳಾದ ಕರ್ನಲ್ಲಿನ ಕೆಲಸ ನಿಜವಾಗಿ ಮೊದಲಾಯಿತು.

ನನ್ನ ದೃಷ್ಟಿಯಲ್ಲಿ ಆವಿಷ್ಕಾರವೆಂದರೆ ಇದೇ. 1996ರಲ್ಲಿ ಬಂದ ಎನ್‌ಟಿ 4.0ರ ಮುಖ ಥೇಟ್ 95ರದ್ದೇ. ಅದೇ ಸ್ಟಾರ್ಟ್ ಬಟನ್, ಅದೇ ಟಾಸ್ಕ್‌ಬಾರ್. ಒಡಲು ಮಾತ್ರ ಪೂರ್ತಿ ಬೇರೆ. ಡಿಇಸಿ ಕಂಪನಿಯಿಂದ 1988ರಲ್ಲಿ ಮೈಕ್ರೋಸಾಫ್ಟಿಗೆ ಬಂದ ಡೇವ್ ಕಟ್ಲರ್ ತಂಡ ಅದನ್ನು ಮೊದಲಿನಿಂದ ಕಟ್ಟಿತ್ತು. ಮೊದಲ ಆವೃತ್ತಿ 3.1 ಹೊರಬಂದದ್ದು 1993ರ ಜುಲೈಯಲ್ಲಿ. ಯಂತ್ರಾಂಶಕ್ಕೆ ತಾಗುವ ಪದರ ಕೆಳಗೆ, ಅದರ ಮೇಲೆ ಕರ್ನಲ್, ಎಲ್ಲಕ್ಕೂ ಮೇಲೆ ಪ್ರೋಗ್ರಾಮುಗಳೊಡನೆ ವ್ಯವಹರಿಸುವ ಪದರಗಳು. ಹೀಗೆ ಗೆರೆ ಕೊಯ್ದಂತೆ ವಿಂಗಡವಾಗಿದ್ದರಿಂದ ಒಂದೊಂದು ಪದರವನ್ನೂ ಬೇರೆಯಾಗಿ ಬರೆದು, ಬೇರೆಯಾಗಿ ಪರೀಕ್ಷಿಸಿ ನೋಡಬಹುದಿತ್ತು. 95ರ ಪ್ರೋಗ್ರಾಮುಗಳಲ್ಲಿ ಬಹಳಷ್ಟು ಎನ್‌ಟಿಯಲ್ಲೂ ಓಡುತ್ತಿದ್ದವು. ಗುರಿ ಬದಲಾದರೂ ಬಳಕೆದಾರನಿಗೆ ದೊಡ್ಡ ನಷ್ಟವಿರಲಿಲ್ಲ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಮೈಕ್ರೋಸಾಫ್ಟ್ ತಾನೇ 95ರ ಸಂತತಿಯನ್ನು ಕೈಬಿಟ್ಟು ಮನೆಬಳಕೆಯ ಯಂತ್ರಕ್ಕೂ ಎನ್‌ಟಿಯನ್ನೇ ತಂದಿತು.

ಲಿನಕ್ಸ್ ಕಟ್ಟಲು ಹೊರಟಿದ್ದ ಲಿನಸ್ ಟೋರ್ವಾಲ್ಡ್ಸ್ 1991ರ ಜುಲೈಯಲ್ಲಿ, ಯೂನಿಕ್ಸ್ ಬಗೆಯ ವ್ಯವಸ್ಥೆಗಳು ಪಾಲಿಸುವ ಪಾಸಿಕ್ಸ್ ನಿಯಮಗಳ ಪ್ರತಿ ಎಲ್ಲಿ ಸಿಕ್ಕೀತು ಎಂದು ವಿಚಾರಿಸಿದ್ದೂ ಇದೇ ಬಗೆಯ ಹುಡುಕಾಟ. ಜಿಎನ್‌ಯು ಯೋಜನೆಯ ಬ್ಯಾಶ್ ಶೆಲ್, ಜಿಸಿಸಿ ಕಂಪೈಲರ್ ಆಗಲೇ ಸಿದ್ಧವಿದ್ದವು. ಅವು ಯಾವ ನೆಲ ಕೇಳುತ್ತವೋ ಆ ನೆಲ ಹಾಕಿದರೆ ಸಾಕಿತ್ತು. ರಿಯಾಕ್ಟ್‌ಓಎಸ್‌ನವರ ಪಾಡು ಇದಕ್ಕಿಂತ ಕಷ್ಟದ್ದು. ಅವರು ಹೊಂದಿಕೊಳ್ಳಬೇಕಾಗಿದ್ದ ವ್ಯವಸ್ಥೆಯ ಕೋಡ್ ಮುಚ್ಚಿತ್ತು. ಅದನ್ನು ಹೊರಗಿನಿಂದ ತಟ್ಟಿ, ಕೊಡುವ ಉತ್ತರ ನೋಡಿಯೇ ಕಲಿಯಬೇಕಿತ್ತು. 2006ರ ಜನವರಿಯಲ್ಲಿ ಅವರ ಕೋಡಿನ ಕೆಲವು ಭಾಗಗಳ ಮೂಲದ ಬಗ್ಗೆ ಶಂಕೆ ಎದ್ದಾಗ, ಕೋಡನ್ನು ಸಾರ್ವಜನಿಕರಿಗೆ ಮುಚ್ಚಿ ತಾವೇ ಪರಿಶೋಧನೆಗೆ ಇಳಿದರು. ಕೆಲಸ ಹಿಂದೆ ಬಿತ್ತು, ನಿಜ. ಆದರೆ ಅದನ್ನು ಮಾಡದೆ ಮುಂದೆ ಹೋಗುವಂತಿರಲಿಲ್ಲ.

ಇದೆಲ್ಲ ಮುಂಬಯಿಯ ಚೆಂಬೂರಿನಲ್ಲಿ ಕೂತ ನನಗೆ ಯಾಕೆ ಮುಖ್ಯವೆಂದರೆ, ಇಲ್ಲಿನ ಕನ್ನಡದ ಇಪ್ಪತ್ತು ಮೂವತ್ತು ವರ್ಷಗಳ ದಾಖಲೆ ಹಳೆಯ ವಿಂಡೋಸಿನೊಳಗೆ ಕೂತಿದೆ. ಚೆಂಬೂರು ಕರ್ನಾಟಕ ಸಂಘವಿರುವ ಊರು ಇದು. ಯಕ್ಷಗಾನದ ಕರಪತ್ರ, ಮದುವೆಯ ಕರೆಯೋಲೆ, ಸ್ಮರಣ ಸಂಚಿಕೆ ಎಂದು ಇಲ್ಲಿನ ಡಿಟಿಪಿ ಅಂಗಡಿಗಳಿಗೆ ಕನ್ನಡದ ಕೆಲಸ ಬರುತ್ತಲೇ ಇತ್ತು. ಅಂಥ ಒಂದು ಅಂಗಡಿಯಲ್ಲಿ ಎಕ್ಸ್‌ಪಿಯ ಯಂತ್ರ ಇನ್ನೂ ಇದೆ. ಅದರ ಬೆನ್ನಿಗೆ, ಪ್ರಿಂಟರ್ ಪೋರ್ಟಿನಲ್ಲಿ, ಹೆಬ್ಬೆರಳಿನಷ್ಟು ದಪ್ಪದ ಡಾಂಗಲ್, ಅಂದರೆ ಕನ್ನಡದ ತಂತ್ರಾಂಶಕ್ಕೆ ಬೀಗದ ಕೈಯಂತಿರುವ ಬಿಲ್ಲೆ. ಧೂಳು ಒರೆಸಲು ನಾನು ಕೈ ಚಾಚಿದಾಗ ಮಾಲೀಕರು ತಡೆದರು: “ಅದೊಂದನ್ನು ಮುಟ್ಟಬೇಡಿ ಮಾರಾಯ್ರೆ, ಅದು ಹೋದ್ರೆ ಫಾಂಟೇ ಏಳೋದಿಲ್ಲ.”

ಆ ಡಾಂಗಲ್‌ಗೆ ಒಂದು ಡ್ರೈವರ್ ಬೇಕು, ಆ ಡ್ರೈವರ್ ಓಡುವುದು ಕರ್ನಲ್ಲಿನ ಒಳಗೆ. 32 ಬಿಟ್ಟಿನ ಡ್ರೈವರನ್ನು ಇವತ್ತಿನ 64 ಬಿಟ್ಟಿನ ವಿಂಡೋಸ್ ಒಳಗೇ ಬಿಡುವುದಿಲ್ಲ. ಲಿನಕ್ಸ್‌ನಲ್ಲಿ ವೈನ್ ಹಾಕಿದರೆ ವಿಂಡೋಸಿನ ಎಷ್ಟೋ ಪ್ರೋಗ್ರಾಮುಗಳು ಓಡುತ್ತವೆ, ಆದರೆ ವೈನ್ ಇರುವುದು ಪ್ರೋಗ್ರಾಮುಗಳಿಗೆ, ಯಂತ್ರಾಂಶದ ಡ್ರೈವರುಗಳಿಗಲ್ಲ. ಮುಖವನ್ನಷ್ಟೇ ಹೋಲುವ ವ್ಯವಸ್ಥೆ ಇಲ್ಲಿ ಕೆಲಸಕ್ಕೆ ಬಾರದು; ಕರ್ನಲ್ಲೇ ಹೊಂದಬೇಕು. ವೈನ್‌ನಿಂದ ಎಷ್ಟೋ ಡಿಎಲ್‌ಎಲ್‌ಗಳನ್ನು (ಪ್ರೋಗ್ರಾಮುಗಳು ಹಂಚಿಕೊಳ್ಳುವ ಕೋಡಿನ ಕಡತಗಳನ್ನು) ಪಡೆದುಕೊಂಡರೂ ರಿಯಾಕ್ಟ್‌ಓಎಸ್ ತನ್ನದೇ ಕರ್ನಲ್ ಬರೆಯುತ್ತಿರುವುದು ಇದಕ್ಕೇ.

ಗುರಿ ಎನ್‌ಟಿಗೆ ಬದಲಾದದ್ದರಿಂದ ಕನ್ನಡದ ಮಟ್ಟಿಗೆ ಇನ್ನೊಂದು ಲಾಭವೂ ಇತ್ತು. ಆ ಕಾಲದ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ನಮ್ಮ ಅಕ್ಷರದ ತುಣುಕುಗಳನ್ನು ಕೂರಿಸುತ್ತಿದ್ದವು. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದ ‘ಕನ್ನಡ’ ಎಂಬ ಪದವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಮೊದಲಿಗೆ ಪಿ ಅಕ್ಷರ, ನಡುವೆ ಪೌಂಡಿನ ಚಿಹ್ನೆ ಕಾಣಿಸುತ್ತದೆ. ವಿಂಡೋಸ್ 95 ಇಂಥ ಸಂಕೇತಪಟ್ಟಿಗಳ ಕಾಲದ್ದು. ಎನ್‌ಟಿ ಮೊದಲ ಆವೃತ್ತಿಯಿಂದಲೇ ಒಳಗೆಲ್ಲ ಯೂನಿಕೋಡ್ ಬಳಸಿತ್ತು, ಆ ಯೂನಿಕೋಡಿನಲ್ಲಿ 1991ರಿಂದಲೇ ಕನ್ನಡಕ್ಕೆ ತನ್ನದೇ ಜಾಗವಿತ್ತು. ಎಕ್ಸ್‌ಪಿಯೊಡನೆ ‘ತುಂಗಾ’ ಫಾಂಟ್ ಬಂದು ಕನ್ನಡ ತೆರೆಯ ಮೇಲೆ ನೆಟ್ಟಗೆ ಮೂಡಿತು. ಅದನ್ನು ರೂಪಿಸಿದವರು ಈ ಮುಂಬಯಿಯವರೇ ಆದ ಆರ್.ಕೆ. ಜೋಶಿ. ಪವಾಯಿಯ ಐಐಟಿಯಲ್ಲಿ ಅಕ್ಷರವಿನ್ಯಾಸ ಕಲಿಸಿ, ಆಮೇಲೆ ಜುಹೂವಿನ ಎನ್‌ಸಿಎಸ್‌ಟಿ ಸಂಸ್ಥೆಯಲ್ಲಿ ದುಡಿದವರು. ಫ್ರೀವಿನ್95 ತನ್ನ ಹಳೆಯ ಗುರಿಗೇ ಅಂಟಿಕೊಂಡು ಗೆದ್ದಿದ್ದರೂ ಈ ಕನ್ನಡ ಅದಕ್ಕೆ ದಕ್ಕುತ್ತಿರಲಿಲ್ಲ.

ಗುರಿ ಒಮ್ಮೆ ಗೊತ್ತುಮಾಡಿದರೆ ಮುಗಿಯಲಿಲ್ಲ. ಎನ್‌ಟಿ 4ರಿಂದ ಹೊರಟ ರಿಯಾಕ್ಟ್‌ಓಎಸ್ ಆಮೇಲೆ ವಿಂಡೋಸ್ ಸರ್ವರ್ 2003ಕ್ಕೆ, ಅಂದರೆ ಎನ್‌ಟಿ 5.2ಕ್ಕೆ, ಬಂದು ನಿಂತಿತು. ಎಕ್ಸ್‌ಪಿಯದು 5.1, 5.2 ಅದೇ ವಂಶದ ಪಳಗಿದ ರೂಪ. ಮುಂದಿನ ಎನ್‌ಟಿ 6ರಿಂದ, ಅಂದರೆ ವಿಂಡೋಸ್ ವಿಸ್ಟಾದಿಂದ, ಗ್ರಾಫಿಕ್ಸ್ ಡ್ರೈವರುಗಳ ಕಟ್ಟುಪಾಡೇ ಬದಲಾಯಿತು. ಸರ್ವರ್ 2003ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2015ರ ಜುಲೈಯಲ್ಲಿ ನಿಂತಿತು. ‘ಸತ್ತ ವ್ಯವಸ್ಥೆಯ ಬೆನ್ನು ಹತ್ತಿದ್ದೀರಲ್ಲ’ ಎನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಾಗದು. ಸಂಬಳವಿಲ್ಲದೆ ಬಿಡುವಿನಲ್ಲಿ ದುಡಿಯುವವರಿಗೆ ಪ್ರತಿವರ್ಷ ಸರಿಯುವ ಗುರಿಗಿಂತ ನಿಂತಲ್ಲೇ ನಿಂತ ಗುರಿಯೇ ಮೇಲು. ಡಾಂಗಲ್ ನಂಬಿ ಕೂತವರಿಗೆ ಬೇಕಾದದ್ದೂ ಆ ಕಾಲದ ಕರ್ನಲ್ಲೇ.

ಹೊಸ ಬ್ರೌಸರುಗಳು ಮಾತ್ರ ಎನ್‌ಟಿ 6ರ ನಂತರದ ಸೌಲಭ್ಯಗಳನ್ನು ಕೇಳುತ್ತವೆ. ಅದಕ್ಕೆ ರಿಯಾಕ್ಟ್‌ಓಎಸ್‌ನವರು ಕರ್ನಲ್ಲನ್ನು 5.2ರಲ್ಲೇ ಇರಿಸಿ, ವಿಸ್ಟಾ ಕಾಲದ ಫಂಕ್ಷನ್ನುಗಳನ್ನು ಮೇಲಿನ ಪದರದ ಡಿಎಲ್‌ಎಲ್‌ಗಳಲ್ಲಿ ಬೇರೆಯಾಗಿ ಸೇರಿಸುತ್ತ ಬಂದಿದ್ದಾರೆ. ಸಿ.ಡಿ.ಯಿಂದ ಬೂಟ್ ಆಗುವ 0.1.0 ಆವೃತ್ತಿ 2003ರ ಫೆಬ್ರವರಿಯಲ್ಲಿ, 0.4.0 ಆವೃತ್ತಿ 2016ರ ಫೆಬ್ರವರಿಯಲ್ಲಿ ಹೊರಬಂದವು. ಇನ್ನೂ ಅದನ್ನು ಅವರು ಆಲ್ಫಾ ಎಂದೇ ಕರೆಯುತ್ತಾರೆ, ದಿನಬಳಕೆಗೆ ನೆಚ್ಚಬೇಡಿ ಎಂದೂ ಹೇಳುತ್ತಾರೆ.