ಅಮ್ಮನಿಗಿಂತ ಅಪ್ಪ ಸುಲಭ

ನಮ್ಮ ಕೂಟದ ಮನೆಗಳಲ್ಲಿ ಕನ್ನಡ ಮಾತಾಡುವ ಮಕ್ಕಳಿಗೆ ಕೊರತೆಯಿಲ್ಲ. ಉಪ್ಪಿಟ್ಟು ಬೇಡ ಎನ್ನುವುದಕ್ಕೂ ಇನ್ನೊಂದು ಹೋಳಿಗೆ ಬೇಕು ಎನ್ನುವುದಕ್ಕೂ ಅವರ ಕನ್ನಡ ಧಾರಾಳವಾಗಿ ಸಾಕು. ಓದಬಲ್ಲ ಮಕ್ಕಳು ಎಷ್ಟು ಮಂದಿ ಎಂದು ಕೇಳಿದರೆ ಮಾತ್ರ ತಂದೆತಾಯಿಗಳೆಲ್ಲ ಮಾತು ಬದಲಾಯಿಸುತ್ತೇವೆ. "ಶಾಲೆಯ ಇಂಗ್ಲಿಷ್ ಒಂದು ಹದಕ್ಕೆ ಬರಲಿ, ಆಮೇಲೆ ನೋಡೋಣ" ಎನ್ನುವುದು ವಾಡಿಕೆ. ಆ 'ಆಮೇಲೆ' ಬರುವಷ್ಟರಲ್ಲಿ ಮಗುವಿಗೆ ಹತ್ತು ತುಂಬಿ, ಈಜು, ಪಿಯಾನೊ, ಫುಟ್‌ಬಾಲುಗಳ ನಡುವೆ ಶನಿವಾರವೇ ಉಳಿದಿರುವುದಿಲ್ಲ.

ನಮ್ಮ ಮನೆಯಲ್ಲಿ ಹಾಗೆ ಕಾಯುವಂತಿರಲಿಲ್ಲ. ಊರಿನಲ್ಲಿರುವ ಅಜ್ಜಿಗೆ ವರ್ಷದಿಂದ ವರ್ಷಕ್ಕೆ ಕಿವಿ ಮಂದವಾಗುತ್ತಿದೆ. ಫೋನಿನಲ್ಲಿ ಮೊಮ್ಮಗಳು ಹೇಳಿದ್ದು ಕೇಳಿಸದು. ಮುಖ ಕಾಣಿಸುವ ಫೋನಾದರೂ ಅಷ್ಟೇ, ಸುಮ್ಮನೆ ನಗುತ್ತಾರೆ, ತಲೆಯಾಡಿಸುತ್ತಾರೆ. ಕಣ್ಣು ಚೆನ್ನಾಗಿದೆ, ಕೈಬರಹ ದುಂಡಗಿದೆ, ಇಂಗ್ಲಿಷ್ ಬಾರದು. ಇಬ್ಬರ ನಡುವೆ ಉಳಿದಿರುವ ದಾರಿ ಕಾಗದ ಒಂದೇ. ಅದನ್ನು ಪ್ರತಿಸಲವೂ ನಾವು ಓದಿ ಹೇಳಬೇಕಾದರೆ ಅಜ್ಜಿ-ಮೊಮ್ಮಗಳ ಗುಟ್ಟಿಗೆ ಜಾಗವೆಲ್ಲಿ? ಅದಕ್ಕೇ ಮಗಳಿಗೆ ಐದು ತುಂಬಿದೊಡನೆ ಆರಂಭಿಸಿದೆವು.

ಎಲ್ಲಿಂದ ಆರಂಭಿಸುವುದು ಎನ್ನುವುದೇ ಮೊದಲ ಪ್ರಶ್ನೆ. ನಾವೆಲ್ಲ ಕಲಿತದ್ದು ವರ್ಣಮಾಲೆ: 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49. ಕಂಠದಿಂದ ತುಟಿಯವರೆಗೆ ಧ್ವನಿ ಹುಟ್ಟುವ ಸ್ಥಾನಕ್ಕೆ ತಕ್ಕಂತೆ ವರ್ಗಗಳನ್ನು ಜೋಡಿಸಿರುವ ಅಚ್ಚುಕಟ್ಟು ಮೆಚ್ಚತಕ್ಕದ್ದೇ. ಆದರೆ ಅದು ಉಚ್ಚಾರಣೆಯ ಕ್ರಮ, ಓದಿನ ಕ್ರಮವಲ್ಲ. 'ಅ'ದಿಂದ 'ಅಃ'ವರೆಗೆ ತಿದ್ದಿದ ಮಗುವಿಗೆ 'ಆ', 'ಈ' ಎಂಬಂಥ ಒಂದೆರಡನ್ನು ಬಿಟ್ಟರೆ ಓದಲು ಪದವೇ ಸಿಗುವುದಿಲ್ಲ. ಕರ್ನಾಟಕದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ 'ನಲಿ ಕಲಿ' ಪದ್ಧತಿಯ ಮಕ್ಕಳು ಮೊದಲು ಕಲಿಯುವುದು ರ, ಗ, ಸ, ದ, ಅ. ಐದೇ ಅಕ್ಷರ, ಸರ, ರಸ, ದರ, ಅರಸ, ಅಗಸ, ಗರಗಸ ಎಲ್ಲವೂ ಕೈಗೆ ಬರುತ್ತವೆ. ನಾವೂ ಅದನ್ನೇ ಹಿಡಿದೆವು. ಇಂಗ್ಲೆಂಡಿನಲ್ಲಿ ಹುಟ್ಟಿದವಳು ಅಗಸನನ್ನು ಎಲ್ಲಿ ಕಂಡಿದ್ದಾಳೆ? ವಾಷಿಂಗ್ ಮೆಷಿನ್ನಿಗೆ 'ಅಗಸ' ಎಂದು ಚೀಟಿ ಅಂಟಿಸಿದೆವು. ಇಂದಿಗೂ ಅದರ ಹೆಸರು ಅದೇ.

ಅದರ ಜೊತೆಗೇ ಅವಳ ಬಾಯಲ್ಲಿ ಆಗಲೇ ಇದ್ದ ಪದಗಳನ್ನೂ ತೆಗೆದುಕೊಂಡೆವು. ಅಪ್ಪ, ಅಮ್ಮ, ಅಕ್ಕ, ಅಣ್ಣ, ಅಜ್ಜ, ಅಜ್ಜಿ: ನಮ್ಮ ನಂಟಿನ ಹೆಸರುಗಳಲ್ಲಿ ಎಷ್ಟೊಂದಕ್ಕೆ ಒತ್ತಕ್ಷರವಿದೆ ನೋಡಿ! ನಾವು ಕಲಿಯುವಾಗ ಕಾಗುಣಿತವೆಲ್ಲ ಮುಗಿದ ಮೇಲೆ ಒತ್ತಕ್ಷರ. ಅಲ್ಲಿಯವರೆಗೆ ಕಾದರೆ ಮಗು ಗರಗಸವನ್ನು ಓದೀತು, ಅಜ್ಜಿಯನ್ನು ಓದಲಾರದು. ಒತ್ತು ಅಂಥ ಕಷ್ಟವೂ ಅಲ್ಲ. ಪ, ಕ, ಜ, ಣ ಇವುಗಳ ಒತ್ತು ಅದೇ ಅಕ್ಷರದ ಮರಿ. ತಲೆಕಟ್ಟು ಇದ್ದರೆ ಅದನ್ನು ಕಳಚಿ ಕೆಳಗೆ ಕೂತಿರುತ್ತದೆ. ವೇಷ ಬದಲಿಸುವವು ತ, ನ, ಮ, ಯ, ರ, ಲ. ಹೀಗಾಗಿ 'ಅಪ್ಪ' ಒಂದೇ ಸಂಜೆಗೆ ಬಂತು, 'ಅಮ್ಮ' ಬರಲು ಹತ್ತು ದಿನ ಹಿಡಿಯಿತು. ನಮ್ಮಿಬ್ಬರಲ್ಲಿ ಒಬ್ಬರಿಗೆ ಇದರಿಂದ ಬೇಸರವಾದದ್ದು ಬೇರೆ ಮಾತು.

ಸಾಮಗ್ರಿಗೆ ಖರ್ಚಿಲ್ಲ. ಸೀರಿಯಲ್ ಡಬ್ಬಿಯ ರಟ್ಟು ಕತ್ತರಿಸಿದರೆ ಚೀಟಿ. ವಿಜಯದಶಮಿಯ ಅಕ್ಷರಾಭ್ಯಾಸಕ್ಕೆ ಹರಡಿದ ತಟ್ಟೆಯ ಅಕ್ಕಿಯನ್ನು ಡಬ್ಬಿಗೆ ಹಿಂದಿರುಗಿಸದೆ ಹಾಗೇ ಇಟ್ಟುಕೊಂಡೆವು. ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ, ಅವಳು ಆಕಳಿಸಿದರೆ ಐದೇ.

ಎರಡು ಲಿಪಿ ಒಟ್ಟಿಗೆ ಕಲಿಸಿದರೆ ಗೊಂದಲವಾಗದೇ ಎಂದು ಕೇಳದವರಿಲ್ಲ. ಇಲ್ಲಿಯ ಶಾಲೆಗಳಲ್ಲಿ ಅಕ್ಷರದ ಧ್ವನಿ ಕೂಡಿಸಿ ಓದಿಸುವ ಫೋನಿಕ್ಸ್ ಇದೆ. 2012ರಿಂದ ಒಂದನೇ ವರ್ಷದ ಕೊನೆಗೆ ಅದರ ಪರೀಕ್ಷೆಯೂ ಇದೆ. ಧ್ವನಿ ಕೂಡಿಸುವ ಆ ಅಭ್ಯಾಸ ಕನ್ನಡಕ್ಕೂ ಒದಗಿತು. ಅವಳ ದೂರೆಲ್ಲ ಇಂಗ್ಲಿಷಿನ ಮೇಲೆ: ಚಾಕುವಿನ 'ನೈಫ್' ಪದದ ಮುಂದೆ 'ಕೆ' ಯಾಕೆ ಕೆಲಸವಿಲ್ಲದೆ ನಿಂತಿದೆ? ಕನ್ನಡ ಹಾಗಲ್ಲ ಎಂದು ನಾವು ಹಿಗ್ಗುತ್ತಿರುವಾಗಲೇ 'ಸೂರ್ಯ' ಬಂದ. ಮೊದಲು ಕೇಳಿಸುವ ರಕಾರದ ಗುರುತು, ಅರ್ಕಾವೊತ್ತು, ಹಿಂದೆ ನಿಂತಿದೆ! "ಇದೂ ಸುಳ್ಳು ಹೇಳತ್ತೆ" ಎಂದಳು. ಉತ್ತರ ತೋಚಲಿಲ್ಲ.

ನಿಜವಾದ ತೊಡಕು ಲಿಪಿಯದಲ್ಲ, ಬರಹದ ಭಾಷೆಯದು. ಮನೆಯಲ್ಲಿ ಕೇಳುವುದು 'ಹೋಗ್ತೀನಿ', ಪುಸ್ತಕದಲ್ಲಿ 'ಹೋಗುತ್ತೇನೆ'. ಮಗುವಿಗೆ ಇದು ಹೊಸ ಪದವೇ. ನಾವು ಊಟದ ಡಬ್ಬಿಯಲ್ಲಿ ಇಡುವ ಚೀಟಿಗಳನ್ನು ಆಡುಮಾತಿನಲ್ಲೇ ಬರೆದೆವು. ಅಜ್ಜಿಗೂ ಹಾಗೇ ಬರೆಯಿರಿ ಎಂದು ಬೇಡಿಕೊಂಡೆವು. ಅವರು ಒಪ್ಪಲಿಲ್ಲ, ಕಾಗದಕ್ಕೆ ಕಾಗದದ ಮರ್ಯಾದೆ ಇರಬೇಕಂತೆ. ಅಕ್ಷರ ಮಾತ್ರ ದೊಡ್ಡದಾಗಿ, ಸಾಲು ಬಿಟ್ಟು ಸಾಲು ಬರೆಯುತ್ತಾರೆ. ಕಳೆದ ಕಾಗದದಲ್ಲಿ ಆರು ಸಾಲಿತ್ತು. ಮಗಳು ನಾಲ್ಕನ್ನು ತಾನೇ ಓದಿ, 'ಕ್ಷೇಮ' ಎಂದರೇನು ಎಂದು ಕೇಳಲು ಬಂದಳು.

ಈಗ ಆರೂವರೆ ವರ್ಷ. ಪ, ಷ ಇನ್ನೂ ಅದಲುಬದಲಾಗುತ್ತವೆ. ದ, ಧ, ಥಗಳ ವಿಷಯ ಕೇಳಲೇಬೇಡಿ. ಕಥೆಗಳಿಗೆ ಕೊರತೆಯಿಲ್ಲ: ಪ್ರಥಮ್ ಬುಕ್ಸ್‌ನವರು 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಹಂತಹಂತವಾಗಿ ವಿಂಗಡಿಸಿದ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ. ಮೊದಲ ಹಂತದವನ್ನು ಅಚ್ಚು ಹಾಕಿಕೊಂಡು ಹೊಲಿದಿಟ್ಟಿದ್ದೇವೆ. ಅವನ್ನೂ ಚೀಟಿಗಳ ಡಬ್ಬಿಯನ್ನೂ ದೀಪಾವಳಿ ಕೂಟಕ್ಕೆ ತರುತ್ತೇವೆ. ಬೇಕಾದವರು ನಕಲು ಮಾಡಿಕೊಳ್ಳಬಹುದು. 'ಳ' ಚೀಟಿಯನ್ನು ಚಿಕ್ಕವನು ಅಗಿದುಬಿಟ್ಟಿದ್ದಾನೆ, ಅದೊಂದನ್ನು ನೀವೇ ಬರೆದುಕೊಳ್ಳಿ.