ಮಳೆಗೆ ಬಾಗಿದ ಮಾಡು, ಮೆಣಸಿನಿಂದ ಎದ್ದ ಕಂಬ

ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ಆಟಿ ತಿಂಗಳ ಜಡಿಮಳೆಯಲ್ಲಿ ನೋಡಬೇಕು. ಆ ಕಟ್ಟಡ ಹಾಗೇಕಿದೆ ಎಂಬುದು ಆಗ ತಾನಾಗಿ ತಿಳಿಯುತ್ತದೆ. ಮೇಲಿನ ಅಂತಸ್ತಿನ ಮಾಡಿನಿಂದ ಜಾರಿದ ನೀರು ಕೆಳಗಿನ ಮಾಡಿಗೆ, ಅಲ್ಲಿಂದ ಕಲ್ಲುಚಪ್ಪಡಿಯ ಸೂರಿಗೆ, ಸೂರಿನಿಂದ ಅಂಗಳಕ್ಕೆ ಧಾರೆಯಾಗಿ ಇಳಿಯುತ್ತದೆ. ಒಳಜಗಲಿಯ ಕಂಬಗಳ ನಡುವೆ ನಿಂತವರಿಗೆ ಇರಚಲಿನ ಕಾಟವಿಲ್ಲ.

ಘಟ್ಟದ ಮೇಲಿನ ಲಕ್ಕುಂಡಿಯ ಬ್ರಹ್ಮಜಿನಾಲಯದಲ್ಲಿರುವಂಥ ಕಲ್ಲಿನ ಶಿಖರ ಇಲ್ಲಿಲ್ಲ. ಹತ್ತೊಂಬತ್ತನೆಯ ಶತಮಾನದ ವಾಸ್ತು ಇತಿಹಾಸಕಾರ ಜೇಮ್ಸ್ ಫರ್ಗುಸನ್ ಈ ಶೈಲಿಗೆ ನೇಪಾಳದ ಗುಡಿಗಳ ಹೋಲಿಕೆ ಕೊಟ್ಟ. ಕಣ್ಣಿಗೆ ಅದು ಸರಿಯೇ. ಆದರೆ ಕಾರಣ ಹುಡುಕಿಕೊಂಡು ಹಿಮಾಲಯದವರೆಗೆ ಹೋಗಬೇಕಿಲ್ಲ, ತುಳುನಾಡಿನ ಯಾವುದೇ ಗುತ್ತಿನ ಮನೆಯ ಅಂಗಳದಲ್ಲಿ ನಿಂತು ತಲೆಯೆತ್ತಿದರೆ ಸಾಕು. ನಾಲ್ಕು ತಿಂಗಳು ಸುರಿಯುವ ಊರಲ್ಲಿ ಚಂದ್ರನಾಥ ತೀರ್ಥಂಕರನಿಗೂ ಇಳಿಜಾರು ಮಾಡೇ ಬೇಕು.

ಬಸದಿಯ ಪೂರ್ಣ ಹೆಸರು ತ್ರಿಭುವನ ತಿಲಕ ಚೂಡಾಮಣಿ. ಊರವರಿಗೆ ಮಾತ್ರ ಇದು ಇಂದಿಗೂ ಹೊಸ ಬಸದಿ. ಕಟ್ಟಿದ್ದು 1430ರಲ್ಲಿ, ವಿಜಯನಗರದ ಎರಡನೆಯ ದೇವರಾಯನ ಕಾಲದಲ್ಲಿ. ರಾಜಾಶ್ರಯ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ನಮ್ಮ ರೂಢಿ. ಮೂಡುಬಿದಿರೆಯ ಮಟ್ಟಿಗೆ ಆ ಮಾತು ಸಾಲದು. ಜೈನಪೇಟೆಯಲ್ಲಿ ನಡೆಯುತ್ತ ಬಸದಿಗಳ ಹೆಸರು ಕೇಳಿ: ವಿಕ್ರಮ ಶೆಟ್ಟಿ ಬಸದಿ, ಮಹಾದೇವ ಶೆಟ್ಟಿ ಬಸದಿ, ಕೋಟಿ ಶೆಟ್ಟಿ ಬಸದಿ, ದೇರಮ್ಮ ಶೆಟ್ಟಿ ಬಸದಿ. ಊರಿನ ಹದಿನೆಂಟು ಬಸದಿಗಳಲ್ಲಿ ಹೀಗೆ ವರ್ತಕರ ಹೆಸರು ಹೊತ್ತವು ಹಲವು. ಕರಾವಳಿಯ ಬಂದರುಗಳಿಂದ ಕಾಳುಮೆಣಸೂ ಅಕ್ಕಿಯೂ ಹಡಗೇರುತ್ತಿದ್ದ ಕಾಲವದು. ಆ ವ್ಯಾಪಾರದ ಲಾಭ ಇಲ್ಲಿ ಕರಿಕಲ್ಲಾಗಿ ನಿಂತಿದೆ.

ಕಡಲಿನಾಚೆಯ ಗುರುತನ್ನು ಕಣ್ಣಾರೆ ಕಾಣಬೇಕಾದರೆ ಬಸದಿಯ ಮುಂಭಾಗದ ಭೈರಾದೇವಿ ಮಂಟಪದ ಬಳಿ ಮಂಡಿಯೂರಬೇಕು. ಅಧಿಷ್ಠಾನದ ಪಟ್ಟಿಕೆಯಲ್ಲಿ ನಮ್ಮ ಆನೆ, ಕುದುರೆಗಳ ಜೊತೆಗೆ ಉದ್ದ ಕೊರಳಿನ ಜಿರಾಫೆಯಿದೆ, ಮೈ ಸುರುಳಿ ಸುತ್ತಿದ ಚೀನೀ ಡ್ರ್ಯಾಗನ್ ಇದೆ. ಜಿರಾಫೆಯನ್ನು ಆ ಶಿಲ್ಪಿ ಕಂಡಿರಲಾರ, ಬಂದರಿನಿಂದ ಬಂದವರ ಬಾಯಲ್ಲಿ ಕೇಳಿರಬೇಕು ಅಥವಾ ಯಾವುದೋ ಚಿತ್ರದಲ್ಲಿ ನೋಡಿರಬೇಕು ಎಂಬುದು ನನ್ನ ಊಹೆ. ಜಿನನ ಮನೆಯ ಬುಡದಲ್ಲಿ ಅದಕ್ಕೂ ಜಾಗ ಕೊಟ್ಟ ಆ ಧೈರ್ಯ ನನಗೆ ಬಹಳ ಇಷ್ಟ.

ಕಂಬಗಳು ಒಂದರಂತೆ ಇನ್ನೊಂದಿಲ್ಲ ಎಂದು ಊರವರು ಹೆಮ್ಮೆಯಿಂದ ಹೇಳುತ್ತಾರೆ. ಚೌಕವಾಗಿ ಏಳುವ ಕಂಬ ಎಂಟು ಮುಖವಾಗಿ ಒಡೆದು, ದುಂಡಾಗಿ, ಮತ್ತೆ ಚೌಕಕ್ಕೆ ಮರಳುತ್ತದೆ. ಒಂದೊಂದು ತಿರುವಿನಲ್ಲೂ ಬಳ್ಳಿ, ಹೆಣಿಗೆ, ಹೂವಿನ ಎಸಳು. ಕಲ್ಲಿನ ಕೆಲಸವಾದರೂ ಬಡಗಿಯ ಉಳಿಯ ನೆನಪು ಅದರಲ್ಲಿ ಉಳಿದಿದೆ. ಹೆಂಗಸರ ಕೊಡುಗೆಯನ್ನೂ ಮರೆಯಬಾರದು: ಎದುರಿನ ಮಾನಸ್ತಂಭ ರಾಣಿ ನಾಗಲದೇವಿಯದು.

ಸ್ವಲ್ಪ ದೂರದ ಗುರು ಬಸದಿಯ ಸಂಪತ್ತು ಇದಕ್ಕಿಂತ ಹಳೆಯದು. ಧವಲಾ, ಜಯಧವಲಾ, ಮಹಾಧವಲಾ ಎಂಬ ತಾಳೆಗರಿ ಗ್ರಂಥಗಳು ಶತಮಾನಗಳ ಕಾಲ ಇಲ್ಲಿಯೇ ಉಳಿದವು. ಭಾಷೆ ಪ್ರಾಕೃತ, ಲಿಪಿ ಹಳಗನ್ನಡ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ವೀರಸೇನಾಚಾರ್ಯರು ಬರೆದ ಧವಲಾ ಟೀಕೆ ಕನ್ನಡ ಲಿಪಿಕಾರರ ಕೈಯಿಂದಲೇ ನಮಗೆ ದಕ್ಕಿದೆ. ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ ಅದು 1939ರಿಂದ ಅಚ್ಚಾಗತೊಡಗಿತು. ಹನ್ನೆರಡನೆಯ ಶತಮಾನದ ಆ ಗರಿಗಳಲ್ಲಿ ಚಿತ್ರಗಳೂ ಇವೆ. ಬೆರಳಗಲದ ಜಾಗದಲ್ಲಿ ಕುಳಿತ ಜಿನ, ಇಕ್ಕೆಲದಲ್ಲಿ ಚಾಮರ ಹಿಡಿದವರು, ಕೈಮುಗಿದ ಭಕ್ತರು. ಕೆಂಪು, ಹಳದಿ, ಹಸಿರು, ಕಪ್ಪು ಗೆರೆ. ಹೊಯ್ಸಳರ ಶಿಲ್ಪವನ್ನು ಕೊಂಡಾಡುವ ನಾವು ಅವರ ಕಾಲದ ಬಣ್ಣವನ್ನು ಕಾಣಲು ಬೇರೆಲ್ಲಿಗೆ ಹೋಗಬೇಕು? ಇಂಥದ್ದು ಉಳಿದಿರುವುದೇ ಅಪರೂಪ.

ಹೆಚ್ಚಿನವರು ಸಾವಿರ ಕಂಬ ನೋಡಿ ಕಾರು ಹತ್ತುತ್ತಾರೆ. ಚೌಟರ ಅರಮನೆಯ ಮರದ ಕಂಬಗಳು ಅವರ ಕಣ್ತಪ್ಪಿ ಹೋಗುತ್ತವೆ. ಅಳಿಯಸಂತಾನದ ಈ ಜೈನ ಅರಸರ ಮನೆತನಕ್ಕೇ ಉಳ್ಳಾಲದ ರಾಣಿ ಅಬ್ಬಕ್ಕ ಸೇರಿದವಳು. ಕಂಬವೊಂದರಲ್ಲಿ ಒಂಬತ್ತು ಹೆಂಗಳೆಯರ ಮೈ ಬೆಸೆದು ಒಂದು ಆನೆಯಾಗಿದೆ. ಅದು ನವನಾರೀ ಕುಂಜರ. ಐವರು ಸೇರಿ ಕುದುರೆಯಾದದ್ದು ಪಂಚನಾರೀ ತುರಗ. ಸೊಂಡಿಲು ಯಾರ ತೋಳು, ಕಾಲು ಯಾರ ತೊಡೆ ಎಂದು ಗುರುತಿಸುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.