‘ಮಗು ಎಂದಿನಂತಿಲ್ಲ’ ಎಂಬ ಮಾತಿಗೂ ಅಲ್ಲಿ ಅಂಕವಿದೆ

ಐರ್ಲೆಂಡ್‌ನಲ್ಲಿ ಮಗುವೊಂದು ಆಸ್ಪತ್ರೆಯ ವಾರ್ಡಿಗೆ ದಾಖಲಾದರೆ ನರ್ಸ್ ಅದರ ವಯಸ್ಸಿಗೆ ತಕ್ಕ ಚಾರ್ಟ್ ತೆರೆಯುತ್ತಾರೆ. ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಿದೆ, ಉಸಿರಾಡಲು ಎಷ್ಟು ಕಷ್ಟಪಡುತ್ತಿದೆ, ಆಮ್ಲಜನಕ ಕೊಡಬೇಕಾಗಿದೆಯೇ, ಎದೆಬಡಿತ ಎಷ್ಟು, ಎಚ್ಚರ ಹೇಗಿದೆ, ಹೀಗೆ ಒಂದೊಂದಕ್ಕೂ ಅಂಕ. ಅಂಕ ಏರಿದಂತೆ ಯಾವ ಹಂತದ ವೈದ್ಯರನ್ನು ಎಷ್ಟು ಬೇಗ ಕರೆಯಬೇಕು ಎಂಬುದೂ ನಿಗದಿಯಾಗಿರುತ್ತದೆ. ಅದೇ ಚಾರ್ಟಿನಲ್ಲಿ ಯಾವ ಯಂತ್ರವೂ ಅಳೆಯಲಾರದ ಒಂದು ಸಾಲಿದೆ: ಆತಂಕ. ನರ್ಸ್‌ಗೆ ಅನ್ನಿಸಿದ್ದಿರಬಹುದು, ಅಪ್ಪ-ಅಮ್ಮನಿಗೆ ಅನ್ನಿಸಿದ್ದಿರಬಹುದು. ‘ನಮ್ಮ ಮಗು ಎಂದಿನಂತಿಲ್ಲ’ ಎಂದು ತಾಯಿ ಹೇಳಿದರೆ ಅದೂ ಲೆಕ್ಕಕ್ಕೆ ಬರುತ್ತದೆ.

ಈ ಪದ್ಧತಿಯ ಹೆಸರು ‘ಪೀಡಿಯಾಟ್ರಿಕ್ ಅರ್ಲಿ ವಾರ್ನಿಂಗ್ ಸಿಸ್ಟಮ್’. ಅಲ್ಲಿನ ಆಸ್ಪತ್ರೆಗಳಲ್ಲಿ ಎಲ್ಲರೂ ‘ಪ್ಯೂಸ್’ ಎನ್ನುತ್ತಾರೆ. 2015ರ ನವೆಂಬರ್‌ನಲ್ಲಿ ಇದು ದೇಶದ 12ನೇ ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿಯಾಗಿ ಜಾರಿಗೆ ಬಂತು. 2022ರ ಜನಗಣತಿಯ ಪ್ರಕಾರ ಐರ್ಲೆಂಡ್‌ನಲ್ಲಿ ನೆಲೆಸಿರುವ ಭಾರತೀಯ ಪ್ರಜೆಗಳು 45 ಸಾವಿರಕ್ಕೂ ಹೆಚ್ಚು. ಐಟಿ ಕಂಪನಿಗಳಲ್ಲಿ, ಆಸ್ಪತ್ರೆಗಳಲ್ಲಿ ದುಡಿಯುವ ಎಳೆಯ ದಂಪತಿಗಳೇ ಅವರಲ್ಲಿ ಬಹಳ. ಮನೆಯಲ್ಲಿ ಹಿರಿಯರಿಲ್ಲ, ಕಂಕುಳಲ್ಲಿ ಕೂಸು. ಈ ಪುಟ ಓದುವ ಎಷ್ಟೋ ಮನೆಗಳ ಮಗಳೋ ಸೊಸೆಯೋ ಅಲ್ಲಿದ್ದಾರೆ. ಅವರಿಗೆ ಆ ಒಂದು ಸಾಲಿನ ವಿಷಯ ಗೊತ್ತಿರಬೇಕು.

ಐರ್ಲೆಂಡ್‌ನ ಆಸ್ಪತ್ರೆ ಎಂದರೆ ಕರ್ನಾಟಕದವರಿಗೆ ಮೊದಲು ನೆನಪಾಗುವುದು ಬೆಳಗಾವಿಯ ಸವಿತಾ ಹಾಲಪ್ಪನವರ. 31 ವರ್ಷದ ಈ ದಂತವೈದ್ಯೆ 2012ರ ಅಕ್ಟೋಬರ್ 28ರಂದು ಗಾಲ್ವೇಯ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ರಕ್ತದ ನಂಜಿನಿಂದ ತೀರಿಕೊಂಡರು. ಗರ್ಭಪಾತ ಕಾನೂನಿನ ಚರ್ಚೆ ದೇಶವನ್ನೇ ಅಲುಗಾಡಿಸಿತು, 2018ರ ಮೇ 25ರ ಜನಮತದಲ್ಲಿ ಸಂವಿಧಾನವೇ ಬದಲಾಯಿತು. ಆ ಗದ್ದಲದಲ್ಲಿ ತನಿಖಾ ವರದಿಗಳ ಇನ್ನೊಂದು ಭಾಗ ಹಿಂದೆ ಸರಿಯಿತು. ದಾಖಲಾದ ದಿನವೇ ತೆಗೆದ ರಕ್ತದ ಫಲಿತಾಂಶವನ್ನು ಸಕಾಲದಲ್ಲಿ ಯಾರೂ ನೋಡಿರಲಿಲ್ಲ. ನಾಡಿ, ಜ್ವರಗಳ ಮೇಲೆ ಸರಿಯಾಗಿ ಕಣ್ಣಿಟ್ಟಿರಲಿಲ್ಲ. ಒಂದು ಪಾಳಿಯವರಿಗೆ ತಿಳಿದದ್ದು ಇನ್ನೊಂದು ಪಾಳಿಯವರಿಗೆ ಪೂರ್ತಿ ದಾಟಿರಲಿಲ್ಲ. ಆರೋಗ್ಯ ಗುಣಮಟ್ಟ ಪ್ರಾಧಿಕಾರವಾದ ‘ಹಿಕ್ವಾ’ 2013ರ ಅಕ್ಟೋಬರ್‌ನ ವರದಿಯಲ್ಲಿ, ಕೈತಪ್ಪಿದ 13 ಅವಕಾಶಗಳನ್ನು ಪಟ್ಟಿ ಮಾಡಿತು. ನಂತರದ ವರ್ಷಗಳಲ್ಲಿ ಬಾಣಂತಿಯರಿಗೆ, ನಂಜಿಗೆ, ಪಾಳಿ ಬದಲಾವಣೆಗೆ, ಮಕ್ಕಳಿಗೆ ಒಂದರ ಹಿಂದೊಂದು ಮಾರ್ಗಸೂಚಿ ಬಂದವು. ‘ಪ್ಯೂಸ್’ ಆ ಸಾಲಿಗೆ ಸೇರಿದ್ದು.

ಚಾರ್ಟಿನಲ್ಲಿ ಜಾಗವಿದ್ದರೆ ಸಾಲದು, ಹೇಳುವವರು ಹೇಳಬೇಕು. ನಮ್ಮವರು ಎಡವುವುದು ಇಲ್ಲೇ. ನರ್ಸ್ ಬಂದು ‘ಹೌ ಈಸ್ ಹಿ?’ ಎಂದು ಕೇಳುತ್ತಾರೆ. ನಮ್ಮ ಬಾಯಲ್ಲಿ ತಾನಾಗಿ ‘ಫೈನ್’ ಬರುತ್ತದೆ. ಅದು ನಮ್ಮ ‘ಪರವಾಗಿಲ್ಲ’ದ ಇಂಗ್ಲಿಷ್. ರಾತ್ರಿಯಿಡೀ ನಿದ್ದೆಗೆಟ್ಟ ತಾಯಿಯೂ ‘ಪರವಾಗಿಲ್ಲ’ ಎನ್ನುತ್ತಾಳೆ, ಲಾಟರಿ ಹೊಡೆದವನೂ ಅನ್ನುತ್ತಾನೆ. ಧ್ವನಿ ಕೇಳಿ ಅರ್ಥ ತಿಳಿಯುವುದು ನಮಗೆ ಗೊತ್ತು, ಡಬ್ಲಿನ್‌ನ ನರ್ಸ್‌ಗೆ ಹೇಗೆ ಗೊತ್ತಾಗಬೇಕು? ಅವರು ‘ಮನೆಯವರಿಗೆ ಆತಂಕವಿಲ್ಲ’ ಎಂದು ಗುರುತು ಹಾಕಿ ಮುಂದಿನ ಹಾಸಿಗೆಗೆ ಹೋಗುತ್ತಾರೆ. ದೊಡ್ಡ ಡಾಕ್ಟರ ಎದುರು ಎರಡನೇ ಪ್ರಶ್ನೆ ಕೇಳಬಾರದೆಂಬ ನಮ್ಮ ಸಂಕೋಚವೂ ಇದಕ್ಕೆ ಸೇರಿಕೊಳ್ಳುತ್ತದೆ. ಅಲ್ಲಿ ಪ್ರಶ್ನೆ ಕೇಳದಿದ್ದರೆ ಗೌರವ ಕೊಟ್ಟರು ಎಂದು ಯಾರೂ ತಿಳಿಯುವುದಿಲ್ಲ, ಇವರಿಗೆ ಎಲ್ಲ ಅರ್ಥವಾಗಿದೆ ಎಂದುಕೊಳ್ಳುತ್ತಾರೆ.

ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ ಇನ್ನೊಂದು ತೊಡಕಿದೆ. ನಮ್ಮೂರ ಕ್ಲಿನಿಕ್ಕಿನ ಇಂಗ್ಲಿಷ್ ಬೇರೆ, ಅವರದು ಬೇರೆ. ಮಗು ಮಂಕಾಗಿದೆ ಎನ್ನಲು ನಾವು ‘ಡಲ್’ ಎನ್ನುತ್ತೇವೆ. ಅಲ್ಲಿ ಡಲ್ ಎಂದರೆ ಮೋಡ ಕವಿದ ಹವೆ, ಇಲ್ಲವೇ ಬೇಸರ ಹುಟ್ಟಿಸುವ ಮನುಷ್ಯ. ಹೇಳಬೇಕಾದದ್ದು ‘ಡ್ರೌಸಿ’ ಎಂದು, ಅಥವಾ ‘ಹಾರ್ಡ್ ಟು ವೇಕ್’ ಎಂದು. ಕೈಕಾಲು ಬಿಟ್ಟು ಬಟ್ಟೆಯಂತೆ ಜೋತುಬಿದ್ದಿದ್ದರೆ ‘ಫ್ಲಾಪಿ’. ಈ ಪದಕ್ಕೆ ಅಲ್ಲಿನ ಯಾವ ನರ್ಸೂ ತಿರುಗಿ ನೋಡುತ್ತಾರೆ. ‘ಲೂಸ್ ಮೋಷನ್’ ಬದಲು ‘ಡಯೇರಿಯಾ’ ಎನ್ನಿ. ಮೂತ್ರದ ಬಗ್ಗೆ ಅವರು ಕೇಳುವುದು ‘ಎಷ್ಟು ವೆಟ್ ನ್ಯಾಪಿ?’ ಎಂದು. ಇಂದು ಬೆಳಗಿನಿಂದ ಎಷ್ಟು, ಸಾಮಾನ್ಯ ದಿನ ಎಷ್ಟು, ಎರಡೂ ಹೇಳಬೇಕು. ‘ಜ್ವರ 102’ ಎಂದರೆ ಅವರು ತಬ್ಬಿಬ್ಬಾಗುತ್ತಾರೆ. ಅವರದು ಸೆಲ್ಸಿಯಸ್ ಲೆಕ್ಕ, ನಮ್ಮ 102 ಅಲ್ಲಿ 38.9. ಔಷಧಿಯನ್ನು ಚಮಚದ ಲೆಕ್ಕದಲ್ಲಿ ಹೇಳದೆ ಬಾಟಲಿಯನ್ನೇ ತೋರಿಸಿ. ಭಾರತದಿಂದ ತಂದ ಸಿರಪ್ಪಿನ ಸಾಂದ್ರತೆ ಬೇರೆಯಿರಬಹುದು. ಬಜೆ, ಜಾಯಿಕಾಯಿ ತೇಯ್ದು ನೆಕ್ಕಿಸಿದ್ದರೆ ಅದನ್ನೂ ಮುಚ್ಚಿಡಬಾರದು. ಬೈಯುತ್ತಾರೆಂದು ಅಜ್ಜಿಯ ಮದ್ದನ್ನು ಬಚ್ಚಿಟ್ಟರೆ ತೊಂದರೆ ಮಗುವಿಗೇ.

ಪಕ್ಕೆ ಸೆಳೆತವನ್ನು ಮಾತಿನಲ್ಲಿ ಹೇಳಲು ಹೆಣಗಬೇಡಿ. ಅಂಗಿ ಎತ್ತಿ ತೋರಿಸಿ. ಮನೆಯಲ್ಲಿ ಬಂದು ಹೋದ ಉಬ್ಬಸವನ್ನೋ ಫಿಟ್ಸನ್ನೋ ಫೋನಿನಲ್ಲಿ ವಿಡಿಯೊ ಮಾಡಿಟ್ಟಿದ್ದರೆ ಹತ್ತು ನಿಮಿಷದ ವಿವರಣೆ ಉಳಿಯುತ್ತದೆ. ನಮ್ಮ ಮಕ್ಕಳ ಗೋಧಿ ಬಣ್ಣದ ಮೈಯಲ್ಲಿ ನೀಲಿಗಟ್ಟುವುದು, ಹಳದಿಯಾಗುವುದು, ಕೆಂಪು ಗಂಧೆ ಏಳುವುದು ಬಿಳಿ ಚರ್ಮದಲ್ಲಿ ಕಂಡಷ್ಟು ಬೇಗ ಕಾಣುವುದಿಲ್ಲ. ಮೆದುಳುಜ್ವರದ ಗುರುತಿಗಾಗಿ ಗಾಜಿನ ಲೋಟ ಒತ್ತಿ ನೋಡುವ ಪರೀಕ್ಷೆಯನ್ನು ಅಂಗೈ, ಅಂಗಾಲಿನಲ್ಲೂ ಮಾಡಬೇಕು, ಬಾಯೊಳಗೆ, ಕಣ್ಣರೆಪ್ಪೆಯ ಒಳಗೂ ನೋಡಬೇಕು. ‘ಇದು ಇವಳ ಎಂದಿನ ಬಣ್ಣ ಅಲ್ಲ’ ಎಂದು ಹೇಳಬಲ್ಲವರು ಹೆತ್ತವರು ಮಾತ್ರ.

ಹಾಗೆಂದು ಚಾರ್ಟನ್ನೇ ನಂಬಿ ಕೂರುವಂತಿಲ್ಲ. ‘ಪ್ಯೂಸ್’ ಇರುವುದು ದಾಖಲಾದ ಮಕ್ಕಳ ವಾರ್ಡಿಗೆ, ತುರ್ತು ವಿಭಾಗದ ಕಾಯುವ ಸಾಲಿಗಲ್ಲ. 2022ರ ಡಿಸೆಂಬರ್‌ನಲ್ಲಿ ಲಿಮರಿಕ್‌ನ ವಿಶ್ವವಿದ್ಯಾಲಯ ಆಸ್ಪತ್ರೆಯ ಕಿಕ್ಕಿರಿದ ತುರ್ತು ವಿಭಾಗದಲ್ಲಿ 16 ವರ್ಷದ ಈಫಾ ಜಾನ್‌ಸ್ಟನ್ ಗಂಟೆಗಟ್ಟಲೆ ಕಾದಳು. ಹೆತ್ತವರು ಮತ್ತೆ ಮತ್ತೆ ಸಹಾಯ ಕೇಳಿದರು. ಮೆದುಳುಜ್ವರದ ನಂಜಿನಿಂದ ಅವಳು ತೀರಿಕೊಂಡಳು. ಆ ಸಾವನ್ನು ಬಹುತೇಕ ಖಚಿತವಾಗಿ ತಪ್ಪಿಸಬಹುದಿತ್ತು ಎಂದು ನಿವೃತ್ತ ಮುಖ್ಯ ನ್ಯಾಯಮೂರ್ತಿ ಫ್ರ್ಯಾಂಕ್ ಕ್ಲಾರ್ಕ್ 2024ರಲ್ಲಿ ವರದಿ ಕೊಟ್ಟರು. ಇಂಗ್ಲಿಷ್ ಮನೆಮಾತಾಗಿದ್ದ ಕುಟುಂಬಕ್ಕೇ ಹೀಗಾಯಿತು.

ಬೇರೆ ದೇಶಗಳಲ್ಲಿ ಇಂಥ ಸಾವುಗಳೇ ನಿಯಮಗಳಿಗೆ ಹೆಸರು ಕೊಟ್ಟಿವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ‘ರಯಾನ್ಸ್ ರೂಲ್’ ಇದೆ. ಪರ್ತ್‌ನಲ್ಲಿ 2021ರಲ್ಲಿ ಕೇರಳ ಮೂಲದ 7 ವರ್ಷದ ಐಶ್ವರ್ಯಾಳ ಸಾವಿನ ನಂತರ ‘ಐಶ್ವರ್ಯಾಸ್ ಕೇರ್ ಕಾಲ್’ ಬಂತು. ಇಂಗ್ಲೆಂಡ್‌ನಲ್ಲಿ 2024ರಿಂದ ‘ಮಾರ್ಥಾಸ್ ರೂಲ್’ ಜಾರಿಯಾಗುತ್ತಿದೆ. ಮಗು ಹದಗೆಡುತ್ತಿದೆ ಎಂದು ಮನೆಯವರಿಗೆ ಅನ್ನಿಸಿದರೆ, ನೋಡುತ್ತಿರುವ ತಂಡವನ್ನು ದಾಟಿ ಇನ್ನೊಂದು ತಂಡದ ತುರ್ತು ಪರಿಶೀಲನೆ ಕೇಳುವ ಹಕ್ಕು ಇವೆಲ್ಲದರ ತಿರುಳು.

ಐರ್ಲೆಂಡ್‌ನ ವಾರ್ಡಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು. ಮೊದಲು ಮಗುವಿನ ನರ್ಸ್, ನಂತರ ವಾರ್ಡಿನ ಉಸ್ತುವಾರಿ ನರ್ಸ್, ಆಮೇಲೆ ರಿಜಿಸ್ಟ್ರಾರ್, ಕೊನೆಗೆ ಕನ್ಸಲ್ಟಂಟ್. ರಾತ್ರಿ ಕನ್ಸಲ್ಟಂಟ್ ಮನೆಯಲ್ಲಿರುತ್ತಾರೆ, ಆದರೆ ಫೋನಿಗೆ ಸಿಗುತ್ತಾರೆ. ‘ಐ ಆಮ್ ವರಿಡ್, ಶಿ ಈಸ್ ಗೆಟಿಂಗ್ ವರ್ಸ್, ಪ್ಲೀಸ್ ರೈಟ್ ಇಟ್ ಡೌನ್’ ಎಂಬ ಮೂರು ತುಂಡು ಮಾತು ಸಾಕು. ದನಿ ಏರಿಸಬೇಕಿಲ್ಲ, ಗಂಡನ ಬರವಿಗಾಗಿ ಕಾಯಬೇಕಿಲ್ಲ. ಇನ್ನೊಂದು ಸಣ್ಣ ವಿಷಯ: ಅಲ್ಲಿ ಶಸ್ತ್ರಚಿಕಿತ್ಸಕರನ್ನು ‘ಮಿಸ್ಟರ್’ ಎಂದು ಕರೆಯುವ ಹಳೇ ರೂಢಿಯಿದೆ. ‘ಡಾಕ್ಟರ್ ಬರಲೇ ಇಲ್ಲ, ಯಾರೋ ಮಿಸ್ಟರ್ ಬಂದು ಹೋದರು’ ಎಂದು ಊರಿಗೆ ಫೋನ್ ಮಾಡುವ ಮೊದಲು ಇದು ಗೊತ್ತಿರಲಿ.

ಮೊಮ್ಮಗುವನ್ನು ನೋಡಿಕೊಳ್ಳಲು ಹೋದ ಅಜ್ಜಿಗೆ ಇಂಗ್ಲಿಷ್ ಬಾರದಿದ್ದರೆ ದುಭಾಷಿಯನ್ನು ಕೇಳಬಹುದು, ರೋಗಿಯ ಕಡೆಯವರು ಅದಕ್ಕೆ ದುಡ್ಡು ಕೊಡಬೇಕಿಲ್ಲ. ಮನೆಯ ದೊಡ್ಡ ಮಗುವನ್ನೇ ದುಭಾಷಿ ಮಾಡುವುದನ್ನು ಅಲ್ಲಿನ ಆರೋಗ್ಯ ಸೇವೆ ಒಪ್ಪುವುದಿಲ್ಲ. ಹತ್ತು ವರ್ಷದ ಅಣ್ಣನ ಬಾಯಲ್ಲಿ ತಮ್ಮನ ಕಾಯಿಲೆಯ ಸುದ್ದಿ ಹೇಳಿಸುವುದು ಸರಿಯಲ್ಲವೆಂದು ನಮಗೂ ಗೊತ್ತು.

ಏನಾದರೂ ತಪ್ಪಾಯಿತು ಎನಿಸಿದರೆ ‘ಯುವರ್ ಸರ್ವಿಸ್ ಯುವರ್ ಸೇ’ ಎಂಬ ದೂರಿನ ವ್ಯವಸ್ಥೆಯಿದೆ. 12 ತಿಂಗಳೊಳಗೆ ದೂರು ಕೊಡಬೇಕು. 5 ಕೆಲಸದ ದಿನಗಳಲ್ಲಿ ಸ್ವೀಕೃತಿ, 30 ಕೆಲಸದ ದಿನಗಳಲ್ಲಿ ಉತ್ತರದ ಗುರಿ. ಪೇಷಂಟ್ ಅಡ್ವೊಕೆಸಿ ಸರ್ವಿಸ್ ಉಚಿತವಾಗಿ ನೆರವಾಗುತ್ತದೆ. ಅಲ್ಲಿಗೂ ಬಗೆಹರಿಯದಿದ್ದರೆ ಮಕ್ಕಳ ಒಂಬುಡ್ಸ್‌ಮನ್ ಕಚೇರಿ ಇದೆ. ಗಂಭೀರ ಅವಘಡಗಳನ್ನು ಕುಟುಂಬಕ್ಕೆ ತಾವಾಗಿ ತಿಳಿಸಬೇಕೆಂಬ ಕಾನೂನು 2024ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ದೂರು ಕೊಟ್ಟರೆ ವೀಸಾಕ್ಕೆ ತೊಂದರೆಯಾದೀತು ಎಂಬ ಪಿಸುಮಾತಿಗೆ ಆಧಾರವಿಲ್ಲ.

ಇನ್ನು ಊರಲ್ಲಿರುವವರ ಪಾಲು. ಡಬ್ಲಿನ್‌ನಲ್ಲಿ ನಡುರಾತ್ರಿ 2 ಗಂಟೆಯಾದರೆ ಇಲ್ಲಿ ಚಳಿಗಾಲದಲ್ಲಿ ಬೆಳಗಿನ ಏಳೂವರೆ, ಬೇಸಿಗೆಯಲ್ಲಿ ಆರೂವರೆ. ಹಾಗಾಗಿ ಮಗುವಿಗೆ ಜ್ವರವೆಂಬ ಸುದ್ದಿ ನಮ್ಮಲ್ಲಿ ಕಾಫಿಯ ಹೊತ್ತಿಗೇ ಬರುತ್ತದೆ. ಆಗ ಮನೆಯವರೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿದರೆ, ವೈದ್ಯರು ಬಂದ ಗಳಿಗೆಯಲ್ಲೇ ತಾಯಿ ಫೋನಿನಲ್ಲಿರುತ್ತಾಳೆ. ‘ನಮ್ಮ ಡಾಕ್ಟರ್ ಈ ಆಂಟಿಬಯೋಟಿಕ್ ಕೊಡಲು ಹೇಳಿದ್ದಾರೆ’ ಎಂಬ ವಾಟ್ಸ್‌ಆ್ಯಪ್ ಚೀಟಿಯನ್ನು ಅಲ್ಲಿನ ವೈದ್ಯರು ಪಾಲಿಸುವುದಿಲ್ಲ, ಮಗಳಿಗೆ ಇಬ್ಬರ ನಡುವೆ ಸಿಕ್ಕ ಸಂಕಟ ಅಷ್ಟೆ. ಫೋನ್ ಒಬ್ಬರೇ ಮಾಡಲಿ, ಉಳಿದವರಿಗೆ ಅವರೇ ತಿಳಿಸಲಿ.

ಅಲ್ಲಿನವರ ಬಳಿ ಇರದ ಕೆಲವು ಸಂಗತಿ ನಮ್ಮ ಬಳಿ ಇರುತ್ತವೆ. ಮಗು ಇಲ್ಲಿ ಹುಟ್ಟಿದ್ದರೆ ತಾಯಿ ಕಾರ್ಡ್ ಮತ್ತು ಲಸಿಕೆ ಪುಸ್ತಕದ ಎಲ್ಲ ಪುಟಗಳ ಫೋಟೊ ತೆಗೆದು ಕಳುಹಿಸಿಡಿ. ಐರ್ಲೆಂಡ್‌ನಲ್ಲಿ 2015ರಿಂದ ಬಿಸಿಜಿ ಲಸಿಕೆ ಸಿಗುತ್ತಿಲ್ಲ, ಹಾಗಾಗಿ ಅಲ್ಲೇ ಹುಟ್ಟಿದ ಮಗುವಿಗೆ ಕ್ಷಯದ ರಕ್ಷಣೆ ಇಲ್ಲದಿರಬಹುದು. ಅಪ್ಪ-ಅಮ್ಮ ಸೋದರ ಸಂಬಂಧದವರೇ, ವಂಶದಲ್ಲಿ ಹಸುಗೂಸುಗಳು ತೀರಿಕೊಂಡಿದ್ದವೇ ಎಂದು ವೈದ್ಯರು ಕೇಳಿದರೆ ಮಗಳು ಇಲ್ಲಿಗೇ ಫೋನ್ ಮಾಡಿಯಾಳು, ಮುಜುಗರಪಡದೆ ಇದ್ದದ್ದು ಹೇಳಿ. ಬೇಸಿಗೆ ರಜೆಗೆ ಮಂಗಳೂರಿಗೋ ರಾಯಚೂರಿಗೋ ಬಂದು ಹೋದ ಮಗುವಿಗೆ ಅಲ್ಲಿ ಜ್ವರ ಬಂದರೆ, ಬಾಗಿಲಲ್ಲಿ ಹೆಸರು ಕೇಳುವ ನರ್ಸ್‌ಗೇ ‘ಇಂಥ ದಿನಾಂಕದವರೆಗೆ ಭಾರತದಲ್ಲಿದ್ದೆವು, ಸೊಳ್ಳೆ ಕಚ್ಚಿತ್ತು’ ಎಂದು ಹೇಳಬೇಕು. ಡೆಂಗಿ, ಮಲೇರಿಯಾ ಐರಿಷ್ ವೈದ್ಯರಿಗೆ ದಿನನಿತ್ಯದ ಕಾಯಿಲೆಗಳಲ್ಲ. ಹೇಳಿದರೆ ಅಲ್ಲೇ ರಕ್ತ ತೆಗೆದು ನೋಡುತ್ತಾರೆ.